ಕೆರೆಯ ನಡುವೆ ಟ್ರಯಲ್ ರೂಮು

ಜಲವಿಸ್ತಾರದ ಮೇಲೆ ಸಂಚರಿಸುವ ದೋಣಿಯು ದೋಣಿಯೇ ಆಗಿರತಕ್ಕದ್ದು. ಇದು ಜಲವಿಸ್ತಾರ ನಿರ್ವಹಣಾ ಕಚೇರಿಯ ನಿಯಮಾವಳಿಯ ಮೊದಲನೆಯ ವಾಕ್ಯ. ಕಚೇರಿಯವರು ಕೆರೆಯನ್ನು ಕೆರೆ ಎನ್ನುವುದಿಲ್ಲ. ಹಾಗೆಂದರೆ ಅದಕ್ಕೊಂದು ಕಚೇರಿ ಯಾಕೆ ಬೇಕಿತ್ತು ಎಂದು ಜನ ಕೇಳಿಯಾರು. ಅಚ್ಚಾದ ದಿನದಿಂದ ಈ ವಾಕ್ಯವನ್ನು ಯಾರೂ ಮುರಿದಿರಲಿಲ್ಲ. ಮೊದಲು ಮುರಿದವಳು ಟೈಲರಮ್ಮ, ಅದೂ ಕಾಲಿನಿಂದ.

ಟೈಲರಮ್ಮ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಲವತ್ತೊಂದು ವರ್ಷ ಹೊಲಿಗೆ ಅಂಗಡಿ ನಡೆಸಿದವಳು. ಅಷ್ಟು ವರ್ಷದಲ್ಲಿ ಆಕೆಯ ಬಾಗಿಲಿಗೆ ಬಂದವರು ಎರಡೇ ಬಗೆ: ಬಟ್ಟೆ ಇನ್ನೂ ಆಗಿಲ್ಲವೆಂದು ಜಗಳಕ್ಕೆ ಬಂದವರು, ಬಟ್ಟೆ ಆಗಿದೆಯೆಂದು ಜಗಳಕ್ಕೆ ಬಂದವರು. ಹೋದ ವರ್ಷ ಅಂಗಡಿಗೆ ಬೀಗ ಹಾಕಿದಳು. ಆದರೆ ಬೀಗ ಬಿದ್ದದ್ದು ಬಾಗಿಲಿಗೆ, ಗಿರಾಕಿಗಳ ಬಾಯಿಗಲ್ಲ. ಮದುವೆ ಊಟದ ಪಂಕ್ತಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಒಮ್ಮೆ ಸಾವಿನ ಮನೆಯ ಜಗಲಿಯ ಮೇಲೂ ಜನ ಕೈ ಎತ್ತಿ ಕಂಕುಳು ತೋರಿಸಿ, "ಇಲ್ಲಿ ಸ್ವಲ್ಪ ಬಿಗಿ ಕಣಮ್ಮ, ಬಿಡಿಸಿಕೊಡ್ತೀಯಾ" ಎಂದು ಕೇಳಿದರು. ಸತ್ತವರು ಮಾತ್ರ ಕೇಳಲಿಲ್ಲ. ಅವರಿಗೆ ಆಕೆ ಹೊಲಿದ ಕೋಟನ್ನೇ ತೊಡಿಸಿದ್ದರು, ಅದು ಮೊದಲ ಸಲ ಸರಿಯಾಗಿ ಕೂತಿತ್ತು.

ಆಗ ಟೈಲರಮ್ಮನಿಗೆ ಕೆರೆ ಕಣ್ಣಿಗೆ ಬಿತ್ತು. ನೀರಿನ ನಡುವೆ ಕೂತವಳ ಹತ್ತಿರ ಯಾರೂ ಬಟ್ಟೆಯ ಗಂಟು ಹಿಡಿದು ನಡೆದು ಬರಲಾರರು. ಬೆಳಗ್ಗೆ ಹೋಗಬೇಕು, ಗಾಳ ಬಿಟ್ಟು ಸುಮ್ಮನೆ ಕೂರಬೇಕು, ಅಳತೆ ಎಂಬ ಮಾತು ಕಿವಿಗೆ ಬೀಳಬಾರದು. ಬದುಕಿನಲ್ಲಿ ಇನ್ನು ಬೇಕಾಗಿರುವುದು ಇಷ್ಟೇ ಎಂದು ನಿಶ್ಚಯಿಸಿ, ಇಬ್ಬರು ಕೂರುವ ಒಂದು ಹಳೆಯ ದೋಣಿಯನ್ನೂ ಅದಕ್ಕೊಂದು ಟ್ರೋಲಿಂಗ್ ಮೋಟರನ್ನೂ ಕೊಂಡಳು. ಟ್ರೋಲಿಂಗ್ ಮೋಟರ್ ಎಂದರೆ ದೋಣಿಯ ಹಿಂಬದಿಗೆ ಕಚ್ಚಿಸುವ ಪುಟ್ಟ ಯಂತ್ರ. ಬ್ಯಾಟರಿಯಿಂದ ಓಡುತ್ತದೆ, ಮೀನಿಗೆ ಸುಳಿವು ಸಿಗದ ಹಾಗೆ ದೋಣಿಯನ್ನು ಮೆಲ್ಲಗೆ ತಳ್ಳುತ್ತದೆ. ತೊಂದರೆ ಒಂದೇ. ಅದರ ಹಿಡಿ ಬೆನ್ನ ಹಿಂದೆ ಇತ್ತು. ದೋಣಿ ತಿರುಗಿಸಬೇಕಾದರೆ ಬಲಗೈಯನ್ನು ಹಿಂದಕ್ಕೆ ಚಾಚಬೇಕು. ಟೈಲರಮ್ಮನ ಬಲಭುಜ ನಲವತ್ತೊಂದು ವರ್ಷ ಕತ್ತರಿ ಹಿಡಿದು, ಇಸ್ತ್ರಿ ಒತ್ತಿ, ಈಗ ತುಕ್ಕು ಹಿಡಿದ ಬಾಗಿಲಿನ ತಿರುಗಣಿಯಾಗಿತ್ತು.

ಬಸ್ ಓಡಿಸಿ ನಿವೃತ್ತರಾಗಿದ್ದ ಯಜಮಾನರು ನಾನು ನಡೆಸುತ್ತೇನೆ ಎಂದು ಮುಂದೆ ಬಂದರು. ಒಂದು ದಿನ ನಡೆಸಿದರು ಕೂಡ. ನೀರಿನಲ್ಲಿ ಎಡಬದಿ ಎಲ್ಲಿ ಶುರುವಾಗುತ್ತದೆ ಎಂದು ಅವರಿಗೆ ತಿಳಿಯಲಿಲ್ಲ. ಎದುರು ಬಂದ ದೋಣಿಗಳಿಗೆಲ್ಲ ದಾರಿ ಬಿಡುತ್ತಾ ಬಿಡುತ್ತಾ ದಡದಲ್ಲೇ ಉಳಿದರು.

ಟೈಲರಮ್ಮನಿಗೆ ಒಂದು ರೋಗವಿತ್ತು: ಕೈಗೆ ಸಿಕ್ಕ ಯಾವ ವಸ್ತುವನ್ನೂ ಇದ್ದ ಹಾಗೆ ಬಿಡುತ್ತಿರಲಿಲ್ಲ. ಹೊಸ ಕೊಡೆ ತಂದರೆ ಅದಕ್ಕೊಂದು ಜೇಬು ಹೊಲಿಯುವಳು. ಮೋಟರನ್ನು ಜಗಲಿಯ ಮೇಲೆ ಮಲಗಿಸಿಕೊಂಡು ಮೂರು ದಿನ ಅದರ ಮುಂದೆ ಕೂತಳು. ನಾಲ್ಕನೆಯ ದಿನ ಅಂಗಡಿಯ ಹಳೆಯ ತುಳಿಮೆಷಿನ್ನಿನ ಕಬ್ಬಿಣದ ಪೆಡಲನ್ನು ಬಿಚ್ಚಿ ತಂದು ದೋಣಿಯ ಮುಂಬದಿಗೆ ಕೂರಿಸಿದಳು. ಸೈಕಲ್ಲಿನ ಎರಡು ಬ್ರೇಕ್ ತಂತಿ, ಕಿಟಕಿ ಪರದೆಯ ಒಂದು ರಾಟೆ, ಇವುಗಳಿಂದ ಪೆಡಲಿಗೂ ಮೋಟರಿನ ಕಂಬಕ್ಕೂ ನಂಟು ಹಾಕಿದಳು. ಕಾಲ್ಬೆರಳಿನ ತುದಿ ಒತ್ತಿದರೆ ದೋಣಿ ಬಲಕ್ಕೆ, ಹಿಮ್ಮಡಿ ಒತ್ತಿದರೆ ಎಡಕ್ಕೆ. ಬ್ಯಾಟರಿಯನ್ನು ಮೆಷಿನ್ನಿನ ಮರದ ಪೆಟ್ಟಿಗೆಯಲ್ಲಿಟ್ಟಳು. ಮೋಟರಿಗೆ ಮಳೆ ತಾಗದಿರಲೆಂದು, ನೇರಳೆ ಗೆರೆಯ ಬೂದು ಬಟ್ಟೆಯಿಂದ ಅಸ್ತರು ಸಹಿತ ಒಂದು ನಿಲುವಂಗಿ ಹೊಲಿದಳು.

ಮೊದಲ ದಿನ ನೀರಿಗಿಳಿಸಿದಾಗ ಬೆರಳು ಒತ್ತಿದರೆ ದೋಣಿ ಎಡಕ್ಕೆ ಹೋಯಿತು, ಹಿಮ್ಮಡಿ ಒತ್ತಿದರೆ ಬಲಕ್ಕೆ. ತಂತಿ ಅದಲುಬದಲಾಗಿತ್ತು. ಬಿಚ್ಚಿ ಕಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ತೋಳು ಅಂಕುಡೊಂಕಾದಾಗ ನಿಮ್ಮ ಕೈಯೇ ಡೊಂಕು ಎಂದು ಗಿರಾಕಿಗೆ ಹೇಳಿ ಅಭ್ಯಾಸವಾದ ನಾಲಿಗೆ ಅದು. ಇದೇ ಸರಿ, ಕಾಲು ಕಲಿತುಕೊಳ್ಳಬೇಕು ಎಂದಳು. ಎರಡು ದಿನ ಜೊಂಡಿಗೆ ಗುದ್ದಿದ ಮೇಲೆ ಕಾಲು ಕಲಿತುಕೊಂಡಿತು. ಕುಣಿಯಲಾರದವಳು ನೆಲವನ್ನೇ ಡೊಂಕು ಮಾಡಿಸಿಕೊಂಡ ಹಾಗಾಯಿತು ಎಂದು ಆಕೆಯೇ ನಕ್ಕಳು.

ಇನ್ನು ಉಳಿದದ್ದು ಪರವಾನಗಿ. ಪರವಾನಗಿ ಇಲ್ಲದ ದೋಣಿಗಳನ್ನು ತಿಂಗಳ ಕೊನೆಯ ದಿನ ಕಚೇರಿಯ ಅಂಗಳಕ್ಕೆ ಎಳೆದುಹಾಕುತ್ತಾರೆ. ಹಿಂದಿನ ವರ್ಷಗಳ ದೋಣಿಗಳು ಅಲ್ಲೇ ಇದ್ದವು. ಸಿಬ್ಬಂದಿ ಅವುಗಳಲ್ಲಿ ಮಣ್ಣು ತುಂಬಿ ಸೊಪ್ಪು ಬೆಳೆದುಕೊಳ್ಳುತ್ತಿದ್ದರು. ಅರ್ಜಿಯಲ್ಲಿ 'ಮಾರ್ಪಾಡಿನ ವಿವರ' ಎಂಬಲ್ಲಿ ಅರ್ಧ ಸಾಲಿನ ಜಾಗವಿತ್ತು. ಕಾಲಿನ ಹಿಡಿ ಎಂದು ಎರಡು ಪದ ಬರೆದು ಕೈ ತೊಳೆದುಕೋ ಎಂದರು ಯಜಮಾನರು. ಟೈಲರಮ್ಮನಿಗೆ ಅದು ಸರಿಬರಲಿಲ್ಲ. ಮೂರು ದಿನ ತಲೆ ಓಡಿಸಿದ್ದು ಸರ್ಕಾರಕ್ಕೆ ಗೊತ್ತಾಗದೆ ಹೋದರೆ ಹೇಗೆ? ಎರಡು ಹಾಳೆ ತುಂಬ, ಚಿತ್ರ ಸಮೇತ, ಹೊಲಿಗೆ ಮೆಷಿನ್ನಿನ ಪೆಡಲಿನ ಮಹಿಮೆ ಬರೆದು ಲಗತ್ತಿಸಿದಳು. ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವಾಗಲೂ ಮೂಲೆಗಳು ಚೊಕ್ಕವಾಗಿರಬೇಕು ಎನ್ನುವವಳು.

ಕಚೇರಿಯ ಗುಮಾಸ್ತರು ಎರಡು ಹಾಳೆಯನ್ನೂ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು.

"ಅಮ್ಮಾ, ಈ ಪೆಡಲ್ ತುಳಿದ್ರೆ ಏನಾಗುತ್ತೆ?"

"ದೋಣಿ ತಿರುಗುತ್ತೆ."

"ಮೊದಲು ತುಳಿದ್ರೆ ಏನಾಗ್ತಿತ್ತು?"

"ಸೂಜಿ ಮೇಲೆ ಕೆಳಗೆ ಆಗ್ತಿತ್ತು."

"ಅಂದ್ಮೇಲೆ ಇದು ಹೊಲಿಗೆ ಯಂತ್ರ. ಸದ್ಯಕ್ಕೆ ಅದಕ್ಕೊಂದು ದೋಣಿ ಜೋಡಿಸಿದ್ದೀರಿ, ಅಷ್ಟೆ."

ದಡದ ಅಂಗಡಿಗಳೂ ಅದೇ ಕಚೇರಿಯ ಲೆಕ್ಕದಲ್ಲಿದ್ದವು. ಅವರು ನಿಯಮಾವಳಿಯ ಅನುಸೂಚಿ ತೆಗೆದು ತೋರಿಸಿದರು. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವನ್ನು ಅಥವಾ ಅದರ ಮುಖ್ಯ ಭಾಗವನ್ನು ಸ್ಥಾಪಿಸಿರುವ, ಒಬ್ಬರಿಗಿಂತ ಹೆಚ್ಚು ಜನ ಕೂರಬಹುದಾದ ಯಾವುದೇ ಸ್ಥಳವೂ ಹೊಲಿಗೆ ಅಂಗಡಿ. ಆ ಸ್ಥಳ ತೇಲಬಾರದು ಎಂದು ಎಲ್ಲೂ ಹೇಳಿರಲಿಲ್ಲ. ಗುಮಾಸ್ತರು ಬಹಳ ನ್ಯಾಯವಂತರು. ಒಂದೇ ಮಾತಿಗೆ ತೀರ್ಮಾನ ಮಾಡಬಾರದೆಂದು ಸ್ಥಳ ಪರಿಶೀಲನೆಗೆ ದಡಕ್ಕೆ ಬಂದರು. ಪೆಡಲು ನೋಡಿದರು, ಪೆಟ್ಟಿಗೆ ನೋಡಿದರು. ಮೋಟರಿನ ನಿಲುವಂಗಿಯ ಮುಂದೆ ಬಂದಾಗ ಬಗ್ಗಿ ಅದರ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು.

"ಈ ಬಟ್ಟೆ ನಾನು ನೋಡಿದ ಹಾಗಿದೆ," ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ರೂಢಿ. ಟೈಲರಮ್ಮನ ಭುಜ ಅಷ್ಟಕ್ಕೂ ಏಳಲಿಲ್ಲ.

"ನನ್ನ ಮದುವೆ ಕೋಟಿಂದು. ಬಟ್ಟೆ ಸಾಲಲಿಲ್ಲ ಅಂದಿದ್ರಿ. ಒಳಜೇಬು ಬರಲಿಲ್ಲ. ಹನ್ನೆರಡು ವರ್ಷದಿಂದ ನನಗೆ ಪೆನ್ನು ಎಲ್ಲಿಡಬೇಕು ಅಂತ ಗೊತ್ತಿಲ್ಲ," ಎಂದರು ಗುಮಾಸ್ತರು.

ಟೈಲರಮ್ಮ ಸ್ವಲ್ಪ ಯೋಚಿಸಿದಳು. "ಆಗ ಸಾಲಿರಲಿಲ್ಲಪ್ಪ. ಆಮೇಲೆ ಉಳೀತು."

ಗುಮಾಸ್ತರು ಸಿಟ್ಟಾಗಲಿಲ್ಲ. ಸಿಟ್ಟು ಖಾಸಗಿ ವಿಷಯ, ಕೆಲಸದ ಹೊತ್ತಿನಲ್ಲಿ ಅದಕ್ಕೆ ಅವಕಾಶವಿಲ್ಲ. ಕಿವಿಯ ಮೇಲಿದ್ದ ಪೆನ್ನು ತೆಗೆದು ಬರೆದುಕೊಂಡರು: 'ಸದರಿ ಸ್ಥಳದಲ್ಲಿ ಅಸ್ತರು ಸಹಿತ ಹೊಲಿದ ಉಡುಪು ಕಂಡುಬಂದಿದ್ದು, ಹೊಲಿಗೆ ವ್ಯವಹಾರ ಜಾರಿಯಲ್ಲಿರುವುದು ದೃಢಪಟ್ಟಿದೆ.'

ಹಾಗಾದರೆ ಪೆಡಲನ್ನೇ ಕಿತ್ತು ಬಿಸಾಕುತ್ತೇವೆ ಎಂದರು ಯಜಮಾನರು. ಹಾಗೆ ಮಾಡುವಂತಿಲ್ಲ ಎಂದು ಗುಮಾಸ್ತರು ವಿವರಿಸಿದರು. ಅಂಗಡಿಯ ಮುಖ್ಯ ಯಂತ್ರ ತೆಗೆಯುವುದೆಂದರೆ ಅಂಗಡಿ ಮುಚ್ಚಿದಂತೆ. ಮುಚ್ಚಲು ಆರು ತಿಂಗಳ ಮುಂಚೆ ತಿಳಿಸಬೇಕು. ತಿಳಿಸಬೇಕಾದರೆ ಅಂಗಡಿಗೆ ಪರವಾನಗಿ ಇರಬೇಕು. ಆದ್ದರಿಂದ ಮೊದಲು ಹೊಲಿಗೆ ಅಂಗಡಿಯ ಪರವಾನಗಿ ತೆಗೆದುಕೊಳ್ಳುವುದೇ ಸುಲಭದ ದಾರಿ. ತಿಂಗಳು ಮುಗಿಯಲು ಹನ್ನೊಂದು ದಿನವಿತ್ತು. ಅಂಗಳದಲ್ಲಿ ಒಂದು ದೋಣಿಯಷ್ಟು ಜಾಗ ಖಾಲಿಯಿರುವುದನ್ನು ಟೈಲರಮ್ಮ ಅರ್ಜಿ ಕೊಡಲು ಹೋದಾಗಲೇ ನೋಡಿದ್ದಳು. ಪಕ್ಕದಲ್ಲಿ ಯಾರೋ ಗೊಬ್ಬರವನ್ನೂ ತಂದಿಟ್ಟಿದ್ದರು.

ಷರತ್ತುಗಳು ಹೆಚ್ಚೇನಿರಲಿಲ್ಲ. ಬೋರ್ಡು ಇರಬೇಕು. ಗಿರಾಕಿಗಳ ಮಾನ ಕಾಪಾಡಲು ಪರದೆಯುಳ್ಳ ಟ್ರಯಲ್ ರೂಮು ಇರಬೇಕು. ಯಂತ್ರ ಪೂರ್ಣವಾಗಿರಬೇಕು. ತಪಾಸಣಾಧಿಕಾರಿಗಳ ಸಮಕ್ಷಮದಲ್ಲಿ ಪರೀಕ್ಷಾರ್ಥ ಹೊಲಿಗೆ ನಡೆಯಬೇಕು. ಟೈಲರಮ್ಮ ನಾಲ್ಕು ಬಿದಿರಿನ ಗಳ ನೆಟ್ಟು, ಹಳೆಯ ಪರದೆ ಸುತ್ತಿ, ದೋಣಿಯ ಹಿಂಬದಿಯಲ್ಲಿ ಟ್ರಯಲ್ ರೂಮು ಕಟ್ಟಿದಳು. ಒಳಗೊಂದು ಕನ್ನಡಿಯನ್ನೂ ತೂಗುಹಾಕಿದಳು, ಯಾರೂ ಕೇಳಿರದಿದ್ದರೂ. ಹುಟ್ಟುಗುಣ. ಪೆಡಲಿನ ಮೇಲೆ ಮೆಷಿನ್ನಿನ ತಲೆಯನ್ನು ಮತ್ತೆ ಕೂರಿಸಿದಳು. ಮೋಟರಿನ ತಂತಿಗಳೂ ಅದೇ ಪೆಡಲಿಗೆ ಕಟ್ಟಿದ್ದವು, ಅವನ್ನು ಬಿಚ್ಚಿದರೆ ಹೊಸ ಮಾರ್ಪಾಡು ಎಂದು ಹೊಸ ಅರ್ಜಿ ಹಾಕಬೇಕಾಗುತ್ತಿತ್ತು.

ತಪಾಸಣಾಧಿಕಾರಿಗಳು ಬಟ್ಟೆಯ ಗಂಟು ಹಿಡಿದೇ ಬಂದರು. ಪರೀಕ್ಷೆಗೆ ಒಂದು ಪ್ಯಾಂಟು ಸಾಕು, ಆದರೆ ಒಂದರಿಂದ ಸರಾಸರಿ ಸಿಗುವುದಿಲ್ಲ, ಆದ್ದರಿಂದ ಆರು ಎಂದರು. ಪರೀಕ್ಷೆಯು ವಿವಿಧ ಗಾತ್ರದವರಿಗೆ ಅನ್ವಯಿಸಬೇಕೆಂದೂ ನಿಯಮವಿತ್ತು. ಅದೃಷ್ಟಕ್ಕೆ ಅಧಿಕಾರಿಗಳ ಕುಟುಂಬದಲ್ಲಿ ಮಾವನಿಂದ ಹಿಡಿದು ಷಡ್ಡಕನವರೆಗೆ ಎಲ್ಲ ಗಾತ್ರದವರೂ ಇದ್ದರು.

ದೋಣಿ ಕೆರೆಯ ನಡುವೆ ನಿಂತಿತು. ಟೈಲರಮ್ಮ ಮೋಟರ್ ಆರಿಸಲು ಹೋದಾಗ ಅಧಿಕಾರಿಗಳು ತಡೆದರು. ಅಂಗಡಿಯನ್ನು ಎಂದಿನ ಸ್ಥಿತಿಯಲ್ಲೇ ಪರೀಕ್ಷಿಸತಕ್ಕದ್ದು. ಆಕೆ ಹೊಲಿಯತೊಡಗಿದಳು. ಬೆರಳು, ಹಿಮ್ಮಡಿ, ಬೆರಳು, ಹಿಮ್ಮಡಿ. ಪ್ಯಾಂಟಿನ ಹೊಲಿಗೆ ನೂಲು ಹಿಡಿದಂತೆ ನೆಟ್ಟಗೆ ಬಂತು. ದೋಣಿ ಮಾತ್ರ ಯಜಮಾನನನ್ನು ಕಂಡ ನಾಯಿಯ ಹಾಗೆ ಹಿಂಬದಿಯನ್ನು ಅತ್ತಿಂದಿತ್ತ ಅಲ್ಲಾಡಿಸುತ್ತಾ ಸಾಗಿತು. ಸೊಂಟದ ಪಟ್ಟಿ ಮುಗಿಯುವಷ್ಟರಲ್ಲಿ ಅಧಿಕಾರಿಗಳು ಒಮ್ಮೆ ಅಂಚಿಗೆ ಬಾಗಿ ಬೆಳಗಿನ ಉಪಾಹಾರವನ್ನು ಜಲವಿಸ್ತಾರಕ್ಕೆ ಸಲ್ಲಿಸಿ, ಬಾಯಿ ಒರೆಸಿಕೊಂಡು, 'ಸ್ಥಿರತೆ: ತೃಪ್ತಿಕರ' ಎಂದು ಬರೆದರು. ಆಮೇಲೆ ಪ್ಯಾಂಟು ಹಿಡಿದು ಟ್ರಯಲ್ ರೂಮಿಗೆ ಹೋದರು. ಅವರು ಒಂದು ಕಾಲು ಎತ್ತಿದಾಗ ದೋಣಿಯ ಮುಂಬದಿ ಮೇಲೆದ್ದಿತು, ಎರಡನೆಯ ಕಾಲು ಹಾಕಿದಾಗ ಇಳಿಯಿತು. ಸುತ್ತಲಿನ ದೋಣಿಗಳವರು ಮರ್ಯಾದೆಯಿಂದ ಮುಖ ಆಚೆ ತಿರುಗಿಸಿದರು. ಪರದೆ ಸರಿಸಿ ಹೊರಬಂದ ಅಧಿಕಾರಿಗಳು ಕೈ ಎತ್ತದೆ, ಪಕ್ಕಕ್ಕೆ ತಿರುಗಿ ಸೊಂಟ ತೋರಿಸಿ, "ಇಲ್ಲಿ ಸ್ವಲ್ಪ ಬಿಗಿ," ಎಂದರು.

ಟೈಲರಮ್ಮ ಕೆರೆಯ ನೀರನ್ನು ಒಮ್ಮೆ ನೋಡಿದಳು. ಎಷ್ಟು ಆಳವಿರಬಹುದು ಎಂದು ಅಂದಾಜು ಮಾಡಿದಳು. ಆಮೇಲೆ ಬಿಡಿಸಿಕೊಟ್ಟಳು.

ಹನ್ನೊಂದನೆಯ ದಿನ ತಾತ್ಕಾಲಿಕ ಪರವಾನಗಿ ಬಂತು. ಅದರ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ಒಂದು ಷರತ್ತು: ತೇಲುವ ಹೊಲಿಗೆ ಅಂಗಡಿಯು ತಿಂಗಳಿಗೆ ಕನಿಷ್ಠ ಮೂವತ್ತು ಗಿರಾಕಿಗಳ ಅಳತೆಯನ್ನು ಪುಸ್ತಕದಲ್ಲಿ ನಮೂದಿಸತಕ್ಕದ್ದು, ತಪ್ಪಿದಲ್ಲಿ ನಿಷ್ಕ್ರಿಯ ಅಂಗಡಿಯೆಂದು ಪರಿಗಣಿಸಿ ಅಂಗಳಕ್ಕೆ ಸ್ಥಳಾಂತರಿಸಲಾಗುವುದು.

ದಡದಲ್ಲಿ ನಿಂತು ಒಂದು ಕೂಗು ಹಾಕಿದರೆ ಮೂವತ್ತಲ್ಲ, ಮುನ್ನೂರು ಜನ ಈಜಿಕೊಂಡು ಬರುತ್ತಿದ್ದರು. ಯಜಮಾನರು ಅದನ್ನೇ ಹೇಳಿದರು. ಅದೊಂದು ಬಿಟ್ಟು ಬೇರೇನಾದರೂ ಹೇಳಿ ಎಂದಳು ಟೈಲರಮ್ಮ. ಒಬ್ಬ ಗಿರಾಕಿಗೆ ದೋಣಿಯ ದಾರಿ ತೋರಿಸಿದರೆ ಕೆರೆಯೂ ಬಸ್ ನಿಲ್ದಾಣದ ಹಿಂದಿನ ಬೀದಿಯಾಗುತ್ತದೆ ಎಂದು ಆಕೆಗೆ ಗೊತ್ತಿತ್ತು. ದೋಣಿ ಹೋದರೆ ಹೋಯಿತು ಎಂದು ಹೇಳಿ ನೋಡಿದಳು. ಹೇಳಿದ ಮೇಲೆ ಆ ರಾತ್ರಿಯ ಊಟ ಇಳಿಯಲಿಲ್ಲ.

ಮರುದಿನ ಬೆಳಗ್ಗೆ ಗಾಳ ಬಿಟ್ಟು ಕೂತಾಗ ಒಂದು ಮೀನು ಬಿತ್ತು, ಸುಮಾರಾದ ಮೀನು. ಟೈಲರಮ್ಮನ ಕೊರಳಲ್ಲಿ ಟೇಪು ಇತ್ತು; ಅದಿಲ್ಲದೆ ಹೊರಗೆ ಬಂದರೆ ಆಕೆಗೆ ಮೈಮೇಲೆ ಬಟ್ಟೆಯಿಲ್ಲದಂತಾಗುತ್ತಿತ್ತು. ತೊಡೆಯ ಮೇಲೆ ಒದ್ದೆ ಬಟ್ಟೆ ಹಾಸಿ, ಮೀನನ್ನು ಮಲಗಿಸಿ, ಉದ್ದ ಹಿಡಿದಳು. ಎದೆ ಸುತ್ತ ಟೇಪು ತಂದಾಗ ಮೀನು ಉಬ್ಬಿತು.

"ಉಸಿರು ಎಳ್ಕೋಬೇಡಿ, ಆಮೇಲೆ ಸಡಿಲ ಆಯ್ತು ಅಂತ ನನ್ನ ಮೇಲೆ ಬರ್ತೀರಿ," ಎಂದಳು.

ಪುಸ್ತಕದಲ್ಲಿ ಬರೆದಳು: ಉದ್ದ ಹನ್ನೊಂದು ಇಂಚು. ಎದೆ ಎಂಟು. ಕುತ್ತಿಗೆ ಇಲ್ಲ. ತೋಳು ಇಲ್ಲ. ವಿಳಾಸ: ಕೆರೆ. 'ಗಿರಾಕಿ ಹಿಂತಿರುಗಿದ ಸಮಯ' ಎಂಬ ಕಾಲಮ್ಮೂ ಇದ್ದುದರಿಂದ ಮೀನನ್ನು ನೀರಿಗೆ ಬಿಟ್ಟು, ಏಳು ಗಂಟೆ ಹತ್ತು ನಿಮಿಷ ಎಂದು ಬರೆದಳು. ಗಿರಾಕಿಯನ್ನು ಮನೆಗೊಯ್ದು ಬೇಯಿಸಲು ನಿಯಮಾವಳಿಯಲ್ಲಿ ಅವಕಾಶವಿರಲಿಲ್ಲ.

ತಿಂಗಳ ಕೊನೆಗೆ ಮೂವತ್ತು ಹೆಸರಿಲ್ಲದ ಗಿರಾಕಿಗಳ ಪುಸ್ತಕ ಕಚೇರಿಗೆ ಹೋಯಿತು. ತಪಾಸಣಾಧಿಕಾರಿಗಳು ಒಂದೊಂದೇ ಸಾಲಿಗೆ ಬೆರಳಿಟ್ಟು ನೋಡಿದರು. ಟೈಲರಮ್ಮ ಕೊರಳ ಟೇಪನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಕಿಟಕಿಯಾಚೆ ಅಂಗಳದ ಖಾಲಿ ಜಾಗ ಕಾಣುತ್ತಿತ್ತು.

"ಯಾರಿಗೂ ತೋಳಿಲ್ಲವಲ್ಲ?"

"ತೋಳಿಲ್ಲದ ಅಂಗಿ ಸ್ವಾಮಿ."

"ಮೂವತ್ತು ಜನಕ್ಕೂ?"

"ಈಗ ಅದೇ ಓಡ್ತಿರೋದು."

ಅಧಿಕಾರಿಗಳು ಹೌದೆನ್ನುವಂತೆ ತಲೆದೂಗಿದರು. ಅಧಿಕಾರಿಗಳ ಷಡ್ಡಕನೂ ಅಂಥದ್ದೇ ಒಂದು ಕೇಳಿದ್ದನಂತೆ. ಸಹಿ ಬಿತ್ತು. ಆದರೆ ಗುಮಾಸ್ತರು ಅಷ್ಟಕ್ಕೆ ಬಿಡಲಿಲ್ಲ. ಅವರ ಕೋಟಿಗೆ ಇನ್ನೂ ಒಳಜೇಬು ಇರಲಿಲ್ಲ. ಅಳತೆ ಕೊಟ್ಟವರು ಮೂವತ್ತು, ಬಟ್ಟೆ ಪಡೆದವರು ಸೊನ್ನೆ, ಇದು ಗಿರಾಕಿಗಳಿಗಾದ ಅನ್ಯಾಯವಲ್ಲವೇ ಎಂದು ಅವರು ಕಡತದಲ್ಲಿ ಟಿಪ್ಪಣಿ ಹಾಕಿದರು. ಒಬ್ಬನೇ ಒಬ್ಬ ಗಿರಾಕಿ ಆಕ್ಷೇಪಣೆ ಸಲ್ಲಿಸಿದರೂ ಪರವಾನಗಿ ರದ್ದು, ಯಾರೂ ಸಲ್ಲಿಸದಿದ್ದರೆ ಅದೇ ಪರವಾನಗಿ ಕಾಯಂ ಎಂದು ತೀರ್ಮಾನವಾಯಿತು. ಪ್ರಕಟಣೆ ಹೊರಟಿತು:

'ತೇಲುವ ಹೊಲಿಗೆ ಅಂಗಡಿಯಲ್ಲಿ ಅಳತೆ ಕೊಟ್ಟಿರುವ ಮೂವತ್ತು ಮಂದಿ ಗಿರಾಕಿಗಳು ಈ ದಿನದಿಂದ ಹದಿನೈದು ದಿನಗಳೊಳಗೆ ಖುದ್ದಾಗಿ ಹಾಜರಾಗಿ ತಮ್ಮ ಆಕ್ಷೇಪಣೆಗಳನ್ನು ಲಿಖಿತವಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಅವರನ್ನು ಸಂಪೂರ್ಣ ತೃಪ್ತರೆಂದು ಭಾವಿಸಲಾಗುವುದು.'

ಪ್ರಕಟಣೆಯನ್ನು ಸಂಬಂಧಪಟ್ಟವರ ವಿಳಾಸದಲ್ಲಿ, ಅವರ ಕಣ್ಣಿನ ಮಟ್ಟದಲ್ಲಿ ಅಂಟಿಸಬೇಕೆಂಬುದು ಪದ್ಧತಿ. ಪುಸ್ತಕದಲ್ಲಿ ವಿಳಾಸ ಕೆರೆ ಎಂದಿತ್ತು. ಇಬ್ಬರು ಜವಾನರು ಪ್ಯಾಂಟು ಮಡಚಿ ನೀರಿಗಿಳಿದು, ಪ್ಲಾಸ್ಟಿಕ್ ಹೊದಿಸಿದ ಹಲಗೆಯನ್ನು ನೀರಿನಡಿಯಲ್ಲಿ ಮೊಳದಾಳಕ್ಕೆ ನೆಟ್ಟುಬಂದರು. ಬೆಳಗಿನ ನಡಿಗೆಗೆ ಬಂದ ಪೆನ್ಷನ್‌ದಾರರೊಬ್ಬರು ಅದನ್ನು ನೋಡಿ, ಅಕ್ಷರ ಸಣ್ಣದಾಯಿತು, ಇಂಥ ವಿಷಯದಲ್ಲಿ ಕಚೇರಿ ಇನ್ನಷ್ಟು ಕಾಳಜಿ ವಹಿಸಬೇಕಿತ್ತು ಎಂದು ಆಕ್ಷೇಪಿಸಿದರು. ಮರುದಿನ ದೊಡ್ಡ ಅಕ್ಷರದ ಹಲಗೆ ಬಂತು.

ಹದಿನೈದು ದಿನವೂ ಗುಮಾಸ್ತರು ದಡದಲ್ಲಿ ಮೇಜು ಹಾಕಿಕೊಂಡು, ಹತ್ತರಿಂದ ಐದರವರೆಗೆ, ನಡುವೆ ಊಟದ ವಿರಾಮ ಬಿಟ್ಟು, ನೀರಿಗೆ ಮುಖಮಾಡಿ ಕೂತರು. ಟೈಲರಮ್ಮ ಆ ದಿನಗಳಲ್ಲಿ ಗಾಳ ಬಿಡಲಿಲ್ಲ. ಗಿರಾಕಿಗಳ ಮೇಲೆ ಪ್ರಭಾವ ಬೀರಿದಂತಾಗಬಾರದು. ಮನೆಯಲ್ಲಿ ಕೂತು ಉಗುರು ಕಚ್ಚಿದಳು. ನಲವತ್ತೊಂದು ವರ್ಷದ ಅನುಭವ ಆಕೆಗೆ ಹೇಳುತ್ತಿದ್ದುದು ಒಂದೇ: ಮೂವತ್ತರಲ್ಲಿ ಒಬ್ಬನಾದರೂ ಬಂದೇ ಬರುತ್ತಾನೆ. ಅದರಲ್ಲೂ ಹತ್ತೊಂಬತ್ತನೆಯವನು, ಆ ಹದಿನಾಲ್ಕು ಇಂಚಿನವನು, ಅಳತೆ ತೆಗೆಯುವಾಗಲೇ ಮುಖ ಗಂಟಿಕ್ಕಿದ್ದ.

ಹದಿನೈದನೆಯ ದಿನ ಐದು ಗಂಟೆಗೆ ಗುಮಾಸ್ತರು ಎದ್ದು ನಿಂತು, ಕೆರೆಯ ಕಡೆ ಕೊನೆಯ ಸಲ ನೋಡಿ, ಬರೆದರು: 'ಯಾರೂ ಹಾಜರಾಗಿಲ್ಲ. ಗಿರಾಕಿಗಳು ಸಂಪೂರ್ಣ ತೃಪ್ತರು.'

ಒಂದೂ ಆಕ್ಷೇಪಣೆಯಿಲ್ಲದ ಹೊಲಿಗೆ ಅಂಗಡಿ ಕಚೇರಿಯ ವ್ಯಾಪ್ತಿಯಲ್ಲಿ ಬೇರೊಂದಿರಲಿಲ್ಲ. ನೆಲದ ಮೇಲಂತೂ ಇರಲೇ ಇಲ್ಲ. ಹಾಗಾಗಿ ಪರವಾನಗಿ ಕಾಯಂ ಆಯಿತು, ಜೊತೆಗೆ ವರ್ಷದ ಉತ್ತಮ ಅಂಗಡಿ ಎಂಬ ಪ್ರಮಾಣಪತ್ರವೂ ಬಂತು. ಅದನ್ನು ಕೊಡಲು ಅಧಿಕಾರಿಗಳು, ಗುಮಾಸ್ತರು, ಜವಾನರು ಎಲ್ಲರೂ ದಡಕ್ಕೆ ಬಂದರು. ಉತ್ತಮ ಗುಣಮಟ್ಟದ ಉಡುಪಿನ ಬಗ್ಗೆ ಅಧಿಕಾರಿಗಳು ನಾಲ್ಕು ಮಾತಾಡಿದರು. ಅಕ್ಕಪಕ್ಕದ ದೋಣಿಯವರು ಚಪ್ಪಾಳೆ ತಟ್ಟಿದರು. ಒಬ್ಬರು, ತಮ್ಮ ಮೋಟರಿಗೂ ಒಂದು ಪೆಡಲು ಹಾಕಿಸಿಕೊಂಡರೆ ಒಳ್ಳೆಯದೇನೋ ಎಂದು ವಿಚಾರಿಸಿದರು. ಯಜಮಾನರು ಪ್ರಮಾಣಪತ್ರವನ್ನು ಎರಡು ಕೈಯಲ್ಲಿ ಹಿಡಿದು ಓದಿದರು, ತಿರುಗಿಸಿ ಬೆನ್ನನ್ನೂ ನೋಡಿದರು.

"ಅಲ್ಲ ಕಣೇ, ನಲವತ್ತೊಂದು ವರ್ಷದಲ್ಲಿ ನಿನ್ನ ಬಟ್ಟೆ ಸರಿಯಾಗಿ ಕೂತಿದೆ ಅಂತ ಒಬ್ಬರೂ ಹೇಳಲಿಲ್ಲ. ಇವರಿಗೆ ಹೇಗೆ ಕೂತಿತು?"

ಟೈಲರಮ್ಮ ಆಗಲೇ ದೋಣಿಗೆ ಹತ್ತಿ ಪೆಡಲಿನ ಮೇಲೆ ಕಾಲಿಟ್ಟಿದ್ದಳು.

"ಬಟ್ಟೆ ಕೊಡದೆ ಇದ್ರೆ ಎಲ್ಲರಿಗೂ ಸರಿಯಾಗೇ ಕೂರುತ್ತೆ ರೀ."

ಗುಮಾಸ್ತರು ಗಂಭೀರವಾಗಿ ತಲೆಯಾಡಿಸಿ, ಇದು ಎಷ್ಟನೆಯ ನಿಯಮದಲ್ಲಿ ಬರುತ್ತದೆ ಎಂದು ಪುಸ್ತಕ ತಿರುವತೊಡಗಿದರು.